ಸೆರಗಿನಲ್ಲಿ ಸುತ್ತಿಕೊಂಡ ಕೈ

ಹೆಂಡತಿ ತೀರಿಕೊಂಡ ಮೇಲೆ ಗೋಪಾಳ ಬಡಾವಣೆಯ ನಮ್ಮ ಮನೆಗೆ ಎದುರು ಮನೆಯ ಅಜ್ಜಿ ದಿನಾ ಬೆಳಿಗ್ಗೆ ಬರುತ್ತಿದ್ದರು. ಆರು ತಿಂಗಳ ಮಗಳಿಗೆ ರಾಗಿ ಸರಿ ಕಾಯಿಸುವುದನ್ನು ನನಗೆ ಕಲಿಸಿದವರು ಅವರೇ. ಆದರೆ ತಿನ್ನಿಸುವ ಹೊತ್ತಿಗೆ ತಮ್ಮ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತುಬಿಡುತ್ತಿದ್ದರು.

“ನೀವೇ ತಿನ್ಸಿ ಅಜ್ಜಿ, ನಾನು ಹಾಕಿದ್ರೆ ಉಗೀತಾಳೆ.”

“ಉಗೀಲಿ, ಮತ್ತೆ ಹಾಕು. ನಾಳೆನೂ ನೀನೇ ತಾನೇ ಇರೋದು?”

ದಿನಾ ಇದೇ ಮಾತು.

ಮಗು ಊಟ ಕಲಿಯದಿದ್ದರೆ ಭದ್ರಾವತಿಯ ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದ ನನ್ನ ಅತ್ತೆ ಒಂದು ಭಾನುವಾರ ಬಂದೇಬಿಟ್ಟರು. ಮಗುವಿನ ಬಟ್ಟೆ ತುಂಬಲು ಬ್ಯಾಗನ್ನೂ ತಂದಿದ್ದರು. ಅವರೆದುರೇ ಮಗಳು ಮೊದಲ ತುತ್ತನ್ನು ಉಗಿದಳು. ಅತ್ತೆ ಚಮಚಕ್ಕೆ ಕೈ ಚಾಚಿದರು.

“ತಡೀರಿ,” ಎಂದ ಅಜ್ಜಿ ನನ್ನತ್ತ ತಿರುಗಿದರು. “ನೀನು ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಅವಳು ಯಾಕೆ ತೆಗೀತಾಳೆ ಮಾರಾಯ? ಆ ಅನ್ನು!”

ವಾರಗಳಿಂದ ಸರಿಯಾಗಿ ಮಾತೇ ಆಡದಿದ್ದ ನಾನು ದೊಡ್ಡದಾಗಿ “ಆ” ಎಂದೆ. ಮಗಳು ನನ್ನ ಬಾಯಿಯನ್ನೇ ನೋಡಿ ತನ್ನದನ್ನೂ ತೆರೆದಳು, ನುಂಗಿದಳು. ತಿರುಗಿ ನೋಡಿದರೆ ಅತ್ತೆಯ ಬಾಯಿಯೂ ತೆರೆದಿತ್ತು.

ಬಟ್ಟಲು ಖಾಲಿಯಾಗುವವರೆಗೂ ಅಜ್ಜಿ ಕೈ ಹೊರತೆಗೆಯಲಿಲ್ಲ. ಆಮೇಲೆ ಸೆರಗು ಬಿಡಿಸಿಕೊಂಡು, ಅತ್ತೆ ತಂದಿದ್ದ ಬ್ಯಾಗನ್ನು ನೀಟಾಗಿ ಮಡಚಿ ಅವರ ಪಕ್ಕದಲ್ಲಿಟ್ಟರು.