ಸುಡದ ಅಜವಾನದ ವಾಸನೆ

ದೇವರನ್ನು ನಂಬುವವಳು ನಾನು. ಆದರೆ ಇಲ್ಲದ್ದು ಕಂಡಿತು, ಇಲ್ಲದ್ದು ಕೇಳಿಸಿತು ಎನ್ನುವವರ ಮಾತನ್ನು ಎಂದೂ ನಂಬಿದವಳಲ್ಲ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಅಜವಾನ ಹಸನು ಮಾಡುತ್ತಿದ್ದೆ. ಬಾಣಂತಿಗೂ ಕೂಸಿಗೂ ಎರೆದ ಮೇಲೆ ಕೆಂಡಕ್ಕೆ ಹಾಕಿ ಹೊಗೆ ಕೊಡಲು ಬೇಕಲ್ಲ, ಅದಕ್ಕೆ.

ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ಸೊಸೆ ಗೀತಾ ನಾಲ್ಕು ತಿಂಗಳಿಂದ ಕುಳಿತಿರಲಿಲ್ಲ. ಅವಳಿಗೆ ಇಪ್ಪತ್ತೊಂಬತ್ತು, ಮದುವೆಯಾಗಿ ಆರು ವರ್ಷ. ನಾನು ಬೆರಳು ಮಡಚಿ ಎಣಿಸಿದವಳೇ ಮಾಸೂರಿನಲ್ಲಿರುವ ಅವಳ ತಾಯಿಗೆ ಸುದ್ದಿ ಮುಟ್ಟಿಸಿಬಿಟ್ಟೆ. "ಹಂಗೇನಿಲ್ರಿ ಅತ್ತಿ, ದವಾಖಾನಿಗೆ ಹೋಗಿ ಬರ್ತೇನಿ" ಎಂದರೆ, "ನಾಚಿಕಿ ನೋಡ್ ನಿಂದು!" ಎಂದು ನಕ್ಕಿದ್ದೆ.

ಅಂದು ಅವಳನ್ನು ದವಾಖಾನೆಗೆ ಕರೆದೊಯ್ದಿದ್ದ ಮಗನ ಫೋನು ಬಂತು, ಹುಬ್ಬಳ್ಳಿಯಿಂದ. "ಬಸರಲ್ಲಬೇ ಯವ್ವಾ. ಅಂಡಾಶಯ ಇಷ್ಟು ಲಗೂನ ಕೆಲಸ ನಿಲ್ಲಿಸ್ಯಾವಂತ. ಮಕ್ಕಳಾಗೂದು ಭಾಳ ಕಷ್ಟಂತ."

"ಜೀವಕ್ಕೇನಿಲ್ಲಲ್ಲಪ್ಪಾ?"

"ಏನಿಲ್ಲ. ಎಲುವು ಗಟ್ಟಿ ಇರ್ಲಿ ಅಂತ ಗುಳಿಗಿ ಕೊಟ್ಟಾರ."

ನಾನು ಹೆದರಿದಂತೆ ಗಡ್ಡೆಯಲ್ಲ, ಗುಳಿಗೆ ಇದೆ, ಮಗ ಜೊತೆಗಿದ್ದಾನೆ. ಇಷ್ಟಾದರೂ ಉಳಿಸಿದೆಯಲ್ಲ ತಂದೆ ಎಂದು ಕೈಮುಗಿದೆ. ಅಜವಾನವನ್ನು ಡಬ್ಬಿಗೆ ಸುರಿದು, ಅವಳ ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಹಾಕಿದೆ.

ಆಮೇಲೆ ಕುಳಿತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದೆ, ಬಂದೆ, ಮತ್ತೆ ಹೋದೆ. ಹಾಗೆ ಬರುವಾಗ ಗೀತಾಳ ಕೋಣೆಯಿಂದ ವಾಸನೆ ಬಂತು. ಕೆಂಡದ ಮೇಲೆ ಸಿಡಿದ ಅಜವಾನ, ಜೊತೆಗೆ ಎಣ್ಣೆ ತಿಕ್ಕಿ ಎರೆದ ಕೂಸಿನ ಮೈವಾಸನೆ. ಕೋಣೆ ಖಾಲಿ. ಮನೆಯಲ್ಲಿ ಇದ್ದಿಲೇ ಇರಲಿಲ್ಲ, ಓಣಿಯಲ್ಲಿ ಬಾಣಂತಿಯೂ ಇರಲಿಲ್ಲ. ಡಬ್ಬಿ ಇಳಿಸಿ ನೋಡಿದೆ. ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕಿಟಕಿ ತೆರೆದರೂ ವಾಸನೆ ಹೋಗಲಿಲ್ಲ.

ಐದರ ಬಸ್ಸಿಗೆ ಇಬ್ಬರೂ ಬಂದರು. ಮಗನ ಮೂಗಿಗೆ ಏನೂ ಬರಲಿಲ್ಲ. ಗೀತಾ ಮಾತ್ರ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅತ್ತಿ, ಅಜವಾನ ಸುಟ್ಟೀರೇನ್ರಿ?"

"ಇಲ್ಲವ್ವಾ."

"ಮತ್ತ... ಕೂಸಿನ ವಾಸನಿ..." ಎಂದವಳು ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ಅವಳ ಅಳು ನಿಲ್ಲುವಷ್ಟರಲ್ಲಿ ವಾಸನೆಯೂ ಹೋಗಿತ್ತು.

ಅಜವಾನ ತಂದಿಟ್ಟದ್ದನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ದೇವರು ಅಣಕಿಸಿದನೋ, ಸಮಾಧಾನ ಮಾಡಿದನೋ, ಇವತ್ತಿಗೂ ನನಗೆ ತಿಳಿದಿಲ್ಲ. ವಾಸನೆ ಬಂದದ್ದು ಅವಳೊಬ್ಬಳಿಗೇ ಅಲ್ಲ, ನನಗೂ ಬಂತು. ಅಷ್ಟು ಅವನ ದಯೆ.

ಗೀತಾ ಮುಖ ತೊಳೆಯಲು ಹೋದಳು. ನಾನು ಮಾಸೂರಿಗೆ ಫೋನು ಹಚ್ಚಿ, "ನಾ ಸುಳ್ಳ ಸುದ್ದಿ ಹೇಳಿದ್ನಿರಿ. ತಪ್ಪು ನಂದು, ಆಕೀದಲ್ಲ" ಎಂದು ಹೇಳಿ, ರೊಟ್ಟಿ ಹಿಟ್ಟಿಗೆ ಎಸರಿಟ್ಟೆ.