ಯಮನೂರಪ್ಪನವರ ನೀರಿನ ಹಲಗೆ

ಕೊಪ್ಪಳದ ಮೇಸ್ತ್ರಿಗಳೆಲ್ಲ ಇಂಜಿನ್ನಿಗೆ ಕಿವಿಗೊಟ್ಟು ರೋಗ ಹೇಳುತ್ತಿದ್ದ ಕಾಲದಲ್ಲಿ ಯಮನೂರಪ್ಪನವರು ತಮ್ಮ ಗ್ಯಾರೇಜಿನ ಗೋಡೆಯಿಂದ ಒಂದು ಹಲಗೆ ಇಳಿಸಿಕೊಂಡು ಬರುತ್ತಿದ್ದರು. ಆಸ್ಪತ್ರೆಯ ಕಂಪೌಂಡರನನ್ನು ಕಾಡಿ ಬೇಡಿ ತಂದ ಸಲೈನ್ ನಳಿಗೆಯನ್ನು ಲಾಳದ ಹಾಗೆ ಬಗ್ಗಿಸಿ ಅದಕ್ಕೆ ಕೂರಿಸಿದ್ದರು. ಅರ್ಧದವರೆಗೆ ನೀರು, ನೀರಿಗೆ ನಾಲ್ಕು ಹನಿ ನೀಲಿ ಮಸಿ.

ಡೀಸಲ್ ಬಸ್ಸು ಗಾಳಿ ಎಳೆದುಕೊಳ್ಳಲು ಎಷ್ಟು ಒದ್ದಾಡುತ್ತಿದೆ ಎಂದು ಅಳೆಯುವ ಹಲಗೆ ಅದು. ಏರ್ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ಪೈಪಿನ ಸಣ್ಣ ಸ್ಕ್ರೂ ಬಿಚ್ಚಿ, ಆ ತೂತಿಗೆ ನಳಿಗೆಯ ತುದಿ ಸಿಕ್ಕಿಸಿ, "ರೇಸ್ ಮಾಡು" ಎನ್ನುತ್ತಿದ್ದರು. ನೀರು ಒಂದು ಕಡೆ ಏರುತ್ತಿತ್ತು. ಅರ್ಧ ಗೇಣು ಎದ್ದರೆ ಚಿಂತೆಯಿಲ್ಲ. ಹಲಗೆಯ ಮೇಲೆ ಎಳೆದಿದ್ದ ಕೆಂಪು ಗೆರೆ ದಾಟಿದರೆ ಗಾಳಿಯ ದಾರಿ ಕಟ್ಟಿದೆ ಎಂದರ್ಥ. ನೀರು ನೋಡುವಾಗ ಒಂದು ಮೊಣಕಾಲೂರಿ ತಾವೂ ಉಸಿರು ಹಿಡಿದು ಕೂರುತ್ತಿದ್ದರು. ಉಳಿದ ಮೇಸ್ತ್ರಿಗಳು ನಕ್ಕರೆ ಹೇಳುತ್ತಿದ್ದರು: "ಕಿವಿ ಮಂದಿ ಮಾತು ಕೇಳತೈತಿ. ನೀರು ಯಾರ ಮಾತೂ ಕೇಳಂಗಿಲ್ಲ."

ಎಪ್ಪತ್ತರ ದಶಕದ ಕೊನೆ. ನಾನು ಇರಕಲ್ಲಗಡದ ಕಡೆಗೆ ಒಬ್ಬ ಸಾಹುಕಾರರ ಬಸ್ಸು ಓಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಬಸ್ಸು ಕರೀ ಹೊಗೆ ಉಗುಳತೊಡಗಿತು. ದಿಬ್ಬ ಹತ್ತಲೊಲ್ಲದು, ಡೀಸಲ್ ಮಾತ್ರ ಗಟಗಟ ಕುಡಿಯುವುದು. ಒಂದು ಬೆಳಿಗ್ಗೆ ಸಾಹುಕಾರರು ಸ್ಟ್ಯಾಂಡಿನಲ್ಲಿ, ತುಂಬಿದ ಬಸ್ಸಿನ ಎದುರು, "ಡೀಸಲ್ ಯಾವೂರಾಗ ಮಾರತಿಯೋ ಕಳ್ಳ?" ಎಂದರು. ಆ ಬಸ್ಸಿನಲ್ಲಿ ನನ್ನ ಹೆಂಡತಿಯ ಊರಿನವರೂ ಇದ್ದರು.

ಬಸ್ಸು ಗ್ಯಾರೇಜಿಗೆ ಬಂತು. "ಇಂಜಿನ್ ಛಲೋ ಐತಿ ಅಂತ ಒಂದ್ ಮಾತು ಹೇಳ್ರಿ ಮೇಸ್ತ್ರಿ, ಇವನ್ನ ಇವತ್ತೇ ಕೆಲಸ ಬಿಡಸ್ತೀನಿ" ಎಂದರು ಸಾಹುಕಾರರು.

"ಮೊದಲ ಅಳೀತೀನ್ರಿ, ಆಮ್ಯಾಲ ಬೈರಿ" ಎಂದು ಯಮನೂರಪ್ಪನವರು ಹಲಗೆ ಇಳಿಸಿದರು.

ನೀರು ಕೆಂಪು ಗೆರೆ ದಾಟಿ ಎರಡು ಗೇಣು ಎದ್ದಿತು. ಅವರು ಬಾನೆಟ್ಟಿನೊಳಗೆ ಕೈ ಹಾಕಿ, ಫಿಲ್ಟರಿನ ಬಾಯಿಂದ ರೊಟ್ಟಿಯಷ್ಟು ಗಟ್ಟಿಯಾದ ಒಂದು ಬಟ್ಟೆ ಬಿಚ್ಚಿ ತೆಗೆದರು. ಅದನ್ನು ನೋಡಿದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದು ನನ್ನದೇ ಘನಕಾರ್ಯ.

ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹುರುಳಿ ಬಳ್ಳಿ ಹರವಿಬಿಟ್ಟರೆ ಬಸ್ಸಿನ ಗಾಲಿಗಳೇ ಕಾಳು ಬಿಡಿಸುತ್ತವೆ. ನಾನೂ ರೈತನ ಮಗ. "ಯಪ್ಪಾ, ಇನ್ನೊಂದು ಸಲ ಹಾಯಸು" ಎಂದು ಯಾವ ಮುದುಕಿ ಕೇಳಿದರೂ ರಿವರ್ಸ್ ಬಂದು ಮತ್ತೆ ಹಾಯಿಸುತ್ತಿದ್ದೆ. ಏಳುವ ಹೊಟ್ಟು ಇಂಜಿನ್ನಿಗೆ ಹೋದೀತೆಂದು ಹೆಂಡತಿಯ ಹಳೇ ಸೀರೆಯನ್ನು ಮೂರು ಪದರ ಮಾಡಿ ಫಿಲ್ಟರಿನ ಬಾಯಿಗೆ ಕಟ್ಟಿದ್ದೆ. ಫಿಲ್ಟರ್ ಇರುವುದೇ ಅದಕ್ಕೆಂದು ಈ ಜಾಣನಿಗೆ ಹೊಳೆದಿರಲಿಲ್ಲ. ಕಟ್ಟಿದ್ದನ್ನು ಮರೆತೂ ಬಿಟ್ಟಿದ್ದೆ. ತಡವರಿಸುತ್ತ ಅದನ್ನೆಲ್ಲ ಹೇಳಿದೆ.

ಯಮನೂರಪ್ಪನವರು ಬಟ್ಟೆಯಿಲ್ಲದೆ ಇನ್ನೊಮ್ಮೆ ರೇಸ್ ಮಾಡಿಸಿದರು. ನೀರು ಅರ್ಧ ಗೇಣಿಗೆ ನಿಂತಿತು, ಹೊಗೆಯೂ ತಿಳಿಯಾಯಿತು. ಆಮೇಲೆ ಬಟ್ಟೆಯನ್ನು ಸಾಹುಕಾರರ ಕೈಗೇ ಇಟ್ಟರು.

"ಇವ ಕಳ್ಳ ಅಲ್ರಿ, ದಡ್ಡ ಅದಾನ. ನಿಮ್ಮ ಇಂಜಿನ್ ಉಳೀಲಿ ಅಂತ ಹೆಂಡ್ತಿ ಸೀರಿ ಹರದು ಕಟ್ಯಾನ. ದಡ್ಡತನಕ್ಕ ಬೈರಿ, ನಾನೂ ಬೈತೀನಿ. ಆದ್ರ ಕಳ್ಳ ಅಂತ ಸ್ಟ್ಯಾಂಡಿನ್ಯಾಗ ಅಂದೀರಿ, ಅಲ್ಲೇ ಹೋಗಿ ವಾಪಸ್ ತಗೋರಿ."

ಸಾಹುಕಾರರ ಮುಖ ಸಣ್ಣದಾಯಿತು. ದೊಡ್ಡ ಮನುಷ್ಯ, ಆದರೂ ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಬಂದರು. ಜನರೆದುರೇ "ನಂದು ತಪ್ಪಾತಪ್ಪ, ಗಾಡಿ ತಗಿ" ಎಂದರು. ಯಮನೂರಪ್ಪನವರಂತೂ ತಮ್ಮ ಮಾತು ಉಳಿಸಿಕೊಂಡರು. ಆ ವಾರವಿಡೀ ಕಂಡಕಂಡಲ್ಲಿ ನನ್ನನ್ನು ಬೈದರು. ಅಷ್ಟು ಹಿತವಾದ ಬೈಗುಳವನ್ನು ನಾನು ಮತ್ತೆ ತಿಂದಿಲ್ಲ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ದಿನ ನಾನು ಹುಲಿಗಿಯ ಗುಡಿಗೆ ಹೋಗುವ ಹುಣ್ಣಿಮೆ ಟ್ರಿಪ್ಪಿನಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ತಿಂಗಳಾದ ಮೇಲೆ ಗ್ಯಾರೇಜಿಗೆ ಹೋದಾಗ ಹಲಗೆ ಅದೇ ಮೊಳೆಯಲ್ಲಿತ್ತು. ನೀರು ಆರಿ, ನಳಿಗೆಯೊಳಗೆ ನೀಲಿ ಕಲೆ ಉಳಿದಿತ್ತು. "ಬೇಕಾದ್ರ ಒಯ್ರಿ, ಈಗ ಯಾರೂ ಮುಟ್ಟಂಗಿಲ್ಲ" ಎಂದರು ಅಲ್ಲಿದ್ದವರು.

ಒಯ್ಯಲು ಮನಸ್ಸಾಗಲಿಲ್ಲ. ಬಸ್ಸಿನ ಕ್ಯಾನಿನಿಂದ ನೀರು ತುಂಬಿ, ಜೇಬಿನ ಪೆನ್ನಿನಿಂದ ನಾಲ್ಕು ಹನಿ ಮಸಿ ಬಿಟ್ಟು, ಎರಡೂ ಕಡೆ ಸಮ ನಿಲ್ಲುವವರೆಗೆ ಹಿಡಿದುಕೊಂಡಿದ್ದೆ. ಮತ್ತೆ ಅದೇ ಮೊಳೆಗೆ ತೂಗುಹಾಕಿ ಬಂದೆ. ಆವತ್ತು ಅವರೂ ಕಿವಿಯನ್ನೇ ನಂಬಿದ್ದರೆ, ನಾನು ಕಳ್ಳನಾಗಿಯೇ ಮನೆಗೆ ಹೋಗುತ್ತಿದ್ದೆ.