ಗಾಡಿ ಡಾಕ್ಟರ್ ಮಾಣಿಕಪ್ಪ
ಜಹೀರಾಬಾದಿನ ಮೆಕ್ಯಾನಿಕ್ ಮಾಣಿಕಪ್ಪ ಯಾವ ಕಾರು ಬಂದರೂ ಮೊದಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟು, "ಏನವ್ವಾ, ಎಲ್ಲಿ ನೋಯ್ತದ?" ಎಂದು ಕೇಳುತ್ತಿದ್ದ. ಆಮೇಲೆ ಸ್ಕ್ಯಾನರ್ ಸಿಕ್ಕಿಸಿ, ಇಂಜಿನ್ನಿನ ದೋಷ ಹೇಳುವ ಕೋಡನ್ನು ಜಾತಕ ಓದುವ ಜೋಯಿಸನ ಗತ್ತಿನಲ್ಲಿ ಓದುತ್ತಿದ್ದ. ಮಾಲೀಕರು ನಡುವೆ ಬಾಯಿ ಹಾಕಿದರೆ, "ನೀವು ಸುಮ್ಕಿರ್ರಿ, ಆಕಿ ಮಾತಾಡ್ಲಿ" ಎಂದು ಗದರುತ್ತಿದ್ದ. ಗಟ್ಟಿಯಾಗಿರುವ ಇಂಜಿನ್ನಿಗೆ ಇಲ್ಲದ ರೋಗ ಅಂಟಿಸುವುದು ಅವನ ಪಾಲಿಗೆ ಮಹಾಪಾಪ. ಪ್ರತ್ಯೇಕ ತೆಲಂಗಾಣಕ್ಕಾಗಿ ಬಂದ್ ನಡೆದ ದಿನ ಅವನ ಅಂಗಡಿಯೆದುರೇ ಹೋರಾಟಗಾರರು ರಸ್ತೆ ತಡೆದು ಕೂತರು. ತಾಂಡೂರಿಗೆ ತನ್ನದೇ ಮದುವೆಗೆ ಹೊರಟಿದ್ದ ಲಕ್ಷ್ಮೀಕಾಂತನ ಕಾರು ಸಿಕ್ಕಿಬಿತ್ತು. "ಬಂದ್ ಅಂದ್ರ ಬಂದ್! ಮದುಮಗಾನೂ ಬಂದ್!" ಎಂದು ಒಬ್ಬ ಕೂಗಿದ. ಮುಹೂರ್ತ ಮೀರುತ್ತಿತ್ತು, ಲಕ್ಷ್ಮೀಕಾಂತ ಬಾಸಿಂಗದ ಹಿಂದೆ ಅಳತೊಡಗಿದ. ಮಾಣಿಕಪ್ಪ ಓಡಿಬಂದು ಸ್ಕ್ಯಾನರ್ ಸಿಕ್ಕಿಸಿದ. ಪರದೆಯಲ್ಲಿ ಯಾವ ಕೋಡೂ ಇರಲಿಲ್ಲ. ಸ್ಕ್ಯಾನರ್ ಕಿತ್ತು, ಬಾನೆಟ್ಟಿನ ಮೇಲೆ ಅಂಗೈಯಿಟ್ಟು, "ದೂರ ಸರೀರಿ! ಇಂಜಿನ್ ಗರಂ ಆಗ್ಯದ! ಓಡಿದ್ರ ತಣ್ಣಗಾಗ್ತದ, ನಿಂತ್ರ ಸಿಡೀತದ!" ಎಂದು ಅರಚಿದ. ಬಾವುಟ ಹಿಡಿದವರೆಲ್ಲ ದಿಕ್ಕಾಪಾಲಾದರು, ಕಾರು ಭರ್ರನೆ ಹೊರಟಿತು. ಮಾಣಿಕಪ್ಪ ಮಾತ್ರ ರಸ್ತೆ ನಡುವೆ ನಿಂತು, ದೂರವಾಗುತ್ತಿದ್ದ ಕಾರಿಗೆ ಕೈಮುಗಿದು, "ಸಿಟ್ಟಾಗಬ್ಯಾಡವ್ವಾ, ನಿನಗ ಏನೂ ಆಗಿಲ್ಲ" ಎಂದ.